ಕಂಠಪಾಠಕ್ಕನಿಗೆ ಗೊತ್ತಿಲ್ಲದ ಗುಟ್ಟು

ರಕ್ತಪರೀಕ್ಷೆಯ ಲ್ಯಾಬಿನ ಬಾಗಿಲು ದಾಟಿದರೆ ಎದುರಿಗೇ ಗಾಜಿನ ಕಿಂಡಿ, ಕಿಂಡಿಯ ಹಿಂದೆ ಫೋನು, ಫೋನಿನ ಹಿಂದೆ ಕಂಠಪಾಠಕ್ಕ. ಹೆಸರಿಟ್ಟವಳು ಒಳಗೆ ರಕ್ತ ತೆಗೆಯುವ ನರ್ಸಮ್ಮ. ಬಂದವರ ಮನೆ ಯಾವುದು, ಹೋದ ಸಲ ಯಾವ ದಿನ ಬಂದಿದ್ದರು, ಅದರ ಹಿಂದಿನ ಸಲ ಎಷ್ಟು ಚಿಲ್ಲರೆ ಬಾಕಿ ಉಳಿಸಿದ್ದರು, ಎಲ್ಲವೂ ಅಕ್ಕನ ನಾಲಿಗೆಯ ತುದಿಯಲ್ಲಿ. ಮೋಟಾರು ರಿಪೇರಿ ಮಾಡುವ ಅವಳ ಗಂಡ ಮಾತ್ರ, "ಊರವರ ಬೀಗದ ಕೈಯೆಲ್ಲಾ ನಿನ್ನ ತಲೇಲಿದೆ. ನಮ್ಮನೆ ಬೀಗದ ಕೈ ಎಲ್ಲಿಟ್ಟೆ ಅಂತ ದಿನಾ ನಾನು ಹುಡುಕ್ಬೇಕು" ಎಂದು ಗೊಣಗುತ್ತಿದ್ದ.

ಊರವರ ಬೀಗದ ಕೈ ಎಂದದ್ದು ಬರೀ ಮಾತಿಗೆ ಹೇಳಿದ್ದಲ್ಲ. ಲ್ಯಾಬಿನವರು ವರದಿಗಳನ್ನು ವೆಬ್‌ಸೈಟಿಗೆ ಹಾಕತೊಡಗಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡು ಬಂತು. ಬಂದಷ್ಟೇ ವೇಗದಲ್ಲಿ ಮರೆತೂ ಹೋಯಿತು. ಮರೆತವರು ಫೋನು ಮಾಡುತ್ತಿದ್ದರು. ಆಗ ಕಂಪ್ಯೂಟರಿನೊಳಗೆ ಪಾಸ್‌ವರ್ಡುಗಳು ಮೈಮೇಲೆ ನೂಲಿಲ್ಲದೆ, ಇದ್ದದ್ದು ಇದ್ದ ಹಾಗೇ ಕೂತಿದ್ದವು. ಅಕ್ಕ ಪರದೆ ನೋಡಿ ಓದಿ ಹೇಳುತ್ತಿದ್ದಳು. ಬರಬರುತ್ತಾ ನೋಡುವುದೂ ಬೇಡವಾಯಿತು.

"ಯಾರು, ಟೈಪಿಂಗ್ ಮೇಷ್ಟ್ರಾ? ನಿಮ್ಮದು ಹೆಂಡ್ತಿ ಹೆಸರು, ಮುಂದೆ ಒಂದು ಎರಡು ಮೂರು. ಅಲ್ಲ ಮೇಷ್ಟ್ರೇ, ನಂಬರು ಮರೆತಿರಿ ಸರಿ, ಹೆಸರನ್ನೂ ಮರೆತರೆ ಹೇಗೆ? ಮನೆಗೆ ಫೋನ್ ಮಾಡಿ ಹೇಳ್ಲಾ?"

ಕಿಂಡಿಯ ಮುಂದೆ ಕಾಯುತ್ತಿದ್ದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಮೇಷ್ಟರ ಪಾಸ್‌ವರ್ಡು ಈಗ ತಮಗೂ ಗೊತ್ತಾಯಿತಲ್ಲ ಎಂದು ಒಬ್ಬರಿಗೂ ಹೊಳೆಯುತ್ತಿರಲಿಲ್ಲ. ಅಕ್ಕನಿಗಂತೂ ಅದು ಪರೋಪಕಾರ. ಅದರಲ್ಲೂ ಅವಳಿಗೆ ಒಂದು ಮಿತಿಯಿತ್ತು ಅನ್ನಿ. ಲ್ಯಾಬಿನ ಒಡೆಯರಾದ ಡಾಕ್ಟರ ಪಾಸ್‌ವರ್ಡು "ಮಹಾವೈದ್ಯ1" ಎಂಬುದನ್ನು ಅವಳು ಯಾರಿಗೂ ಬಾಯಿಬಿಟ್ಟಿರಲಿಲ್ಲ. ನರ್ಸಮ್ಮನಿಗೆ ಹೇಳಿದ್ದಳು, ಅಷ್ಟೇ.

ಹೀಗಿರುವಾಗ ಸಾಫ್ಟ್‌ವೇರ್ ನೋಡಿಕೊಳ್ಳಲೆಂದು ಒಬ್ಬಳು ಕೆಲಸಕ್ಕೆ ಬಂದಳು. ಮಾತು ಕಮ್ಮಿ. ಕೇಳಿದ್ದಕ್ಕೆ ಒಂದು ಉತ್ತರ, ಕೇಳದ್ದಕ್ಕೆ ಅದೂ ಇಲ್ಲ. ನರ್ಸಮ್ಮ ಅವಳಿಗೆ ಮಿತಾಕ್ಷರಿ ಎಂದು ಹೆಸರಿಟ್ಟು ಕೈತೊಳೆದುಕೊಂಡಳು. ಈ ಮಿತಾಕ್ಷರಿ ಬಂದ ಬೆಳಿಗ್ಗೆಯೇ ಅಕ್ಕ ಫೋನಿನಲ್ಲಿ ಯಾರದೋ ಪಾಸ್‌ವರ್ಡನ್ನು ರಾಗವಾಗಿ ಹೇಳುವುದನ್ನು ಕೇಳಿದಳು. ಹಾವು ತುಳಿದವಳ ಹಾಗೆ ಎದ್ದು ನೇರ ಡಾಕ್ಟರ ಕೋಣೆಗೆ ಹೋದಳು.

"ನೋಡಮ್ಮ," ಎಂದು ಡಾಕ್ಟರು ಕುರ್ಚಿಗೆ ಒರಗಿದರು. "ಈ ಸಂಸ್ಥೆ ನಾನು ಕಟ್ಟಿದ್ದು. ಇಲ್ಲಿ ಕದಿಯೋಕೆ ಏನಿದೆ? ಜನರ ರಕ್ತ, ಮೂತ್ರ. ಯಾವ ಕಳ್ಳನಿಗೆ ಬೇಕು?"

"ನಿಮ್ಮ ಪಾಸ್‌ವರ್ಡು ಇಲ್ಲಿ ಎಲ್ರಿಗೂ ಕಾಣುತ್ತೆ ಸಾರ್."

ಡಾಕ್ಟರು ನೆಟ್ಟಗೆ ಕೂತರು. ಅನುಮತಿ ಸಿಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಇನ್ನು ಮುಂದೆ ಪಾಸ್‌ವರ್ಡು ಓದಲು ಬರುವುದಿಲ್ಲ ಎಂದು ತಿಳಿದಾಗ ಅಕ್ಕ ಸೊಂಟಕ್ಕೆ ಕೈಕೊಟ್ಟು ಮಿತಾಕ್ಷರಿಯ ಮೇಜಿನ ಮುಂದೆ ನಿಂತಳು. "ಅದೇನು ಮಾಡ್ತಿದ್ದೀಯ ತಾಯಿ, ನನಗೂ ಸ್ವಲ್ಪ ಬಿಡಿಸಿ ಹೇಳು."

"ಗಿರಣೀಲಿ ಕಾಳು ಬೀಸಿದ ಹಾಗೆ ಅಕ್ಕ. ಪಾಸ್‌ವರ್ಡು ಕಾಳು. ಬೀಸಿದ ಹಿಟ್ಟನ್ನ ಮಾತ್ರ ಇಟ್ಕೋತೀವಿ. ಅವರು ಮತ್ತೆ ಬಂದು ಕಾಳು ಕೊಟ್ಟಾಗ ಮತ್ತೆ ಬೀಸಿ, ಹಿಟ್ಟಿಗೆ ಹಿಟ್ಟು ಹೋಲಿಸ್ತೀವಿ. ಹಿಟ್ಟಿಂದ ಕಾಳು ಮಾಡೋಕಾಗಲ್ಲ."

"ಊರಲ್ಲಿ ಅರ್ಧ ಜನ ಒಂದು ಎರಡು ಮೂರು ಅಂತಲೇ ಇಟ್ಟಿದ್ದಾರೆ. ಅವರ ಹಿಟ್ಟೆಲ್ಲ ಒಂದೇ ಥರ ಇರುತ್ತಲ್ಲ? ಒಬ್ಬರದು ಗೊತ್ತಾದ್ರೆ ಎಲ್ರದೂ ಗೊತ್ತಾದ ಹಾಗೆ."

ಮಿತಾಕ್ಷರಿ ಮೊದಲ ಸಲ ತಲೆಯೆತ್ತಿ ಅವಳನ್ನು ಪೂರ್ತಿ ನೋಡಿದಳು. "ಅದಕ್ಕೇ ಬೀಸೋ ಮುಂಚೆ ಒಬ್ಬೊಬ್ಬರ ಕಾಳಿಗೂ ಬೇರೆ ಬೇರೆ ಬೆರಕೆ ಹಾಕ್ತೀವಿ. ಯಂತ್ರವೇ ಕಣ್ಣುಮುಚ್ಚಿ ಆರಿಸುತ್ತೆ. ಸಾಲ್ಟ್ ಅಂತಾರೆ ಅದಕ್ಕೆ. ಕಾಳು ಒಂದೇ ಆದ್ರೂ ಹಿಟ್ಟು ಬೇರೆಯಾಗುತ್ತೆ. ಬೀಸೋದನ್ನೂ ಬೇಕಂತಲೇ ನಿಧಾನ ಮಾಡಿದೀನಿ. ಒಂದು ಸಲ ಬೀಸೋರಿಗೆ ಗೊತ್ತಾಗಲ್ಲ. ಊಹೆ ಮಾಡಿ ಮಾಡಿ ಬೀಸೋ ಕಳ್ಳನಿಗೆ ತೋಳು ಬಿದ್ದುಹೋಗುತ್ತೆ."

"ಹಾಗಾದ್ರೆ ನಾನು ನೋಡೋಕಾಗಲ್ಲ. ನೀನು?"

"ನನಗೂ ಆಗಲ್ಲ."

"ನೀನೇ ಮಾಡಿದ್ದು, ನಿನಗೇ ಆಗಲ್ಲ! ಚೆನ್ನಾಗಿದೆ ವಿದ್ಯೆ."

ಅಷ್ಟಕ್ಕೇ ಬಿಟ್ಟಿದ್ದರೆ ಅಕ್ಕ ಕ್ಷಮಿಸುತ್ತಿದ್ದಳೋ ಏನೋ. ಮಿತಾಕ್ಷರಿ ಇನ್ನೂ ಒಂದು ಕಿತಾಪತಿ ಮಾಡಿದಳು. ಹಳೆಯ ಪಾಸ್‌ವರ್ಡುಗಳನ್ನು ಕಂಡವರು ಬಹಳ ಮಂದಿ, ಅವು ಎಂಜಲಾದವು, ಎಲ್ಲರೂ ಹೊಸದು ಇಡಲೇಬೇಕು ಎಂದಳು. ಹಳೆಯದಕ್ಕೆ ಬಾಲ ಅಂಟಿಸಿದರೂ ನಡೆಯದು. ಊರಿಗೆ ಊರೇ ಫೋನು ಮಾಡಿತು. ಬೈಗುಳ ತಿಂದವಳು ಅಕ್ಕ. "ಹೊಸದು ಇಡೋಕೆ ಫೋನಿಗೆ ಲಿಂಕು ಕಳಿಸಿದೀನಿ, ಒತ್ತಿ" ಎಂದು ಗಂಟಲು ಕಟ್ಟುವವರೆಗೆ ಹೇಳಿದಳು. ಯಾರೂ ನಗಲಿಲ್ಲ, ಯಾರೂ ಹೊಗಳಲಿಲ್ಲ. ಸಂಜೆ ಮನೆಗೆ ಹೋಗಿ ಗಂಡನ ಮುಂದೆ, "ನಾನು ಅಲ್ಲಿದ್ದರೂ ಒಂದೇ, ಕಿಂಡಿಗೊಂದು ಗೊಂಬೆ ಕೂರಿಸಿದರೂ ಒಂದೇ" ಎಂದು ಮುಖ ಊದಿಸಿಕೊಂಡಳು. ಮಿತಾಕ್ಷರಿಯ ಜತೆ ಮಾತು ಬಿಟ್ಟಳು. ಅದು ಮಿತಾಕ್ಷರಿಗೆ ಗೊತ್ತಾಯಿತೋ ಇಲ್ಲವೋ, ಹೇಳುವುದು ಕಷ್ಟ.

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಕಾಯುವ ಬೆಂಚುಗಳೆಲ್ಲ ತುಂಬಿದ್ದ ಹೊತ್ತಿನಲ್ಲಿ, ಡ್ರೈವಿಂಗ್ ಸ್ಕೂಲಿನ ಯಜಮಾನ ಬಾಗಿಲು ದೂಡಿಕೊಂಡು ಬಂದ. ಆತನದು ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ.

"ನನ್ನ ಸಕ್ಕರೆ ರಿಪೋರ್ಟು ನನ್ನ ಮಾವನ ಮನೆ ತನಕ ಹೋಗಿದೆ! ನಾನು ಯಾರಿಗೂ ಹೇಳಿಲ್ಲ. ನಿನ್ನೆ ಅತ್ತೆ ಫೋನ್ ಮಾಡಿ, ಇನ್ಮೇಲೆ ಗಾಡಿ ಹತ್ತಬೇಡಿ, ಕಣ್ಣು ಕತ್ತಲೆ ಬರುತ್ತೆ ಅಂತ ಅಳ್ತಾರೆ. ಕಲಿಯೋಕೆ ಬರೋರ ಕಿವಿಗೆ ಇದು ಬಿದ್ರೆ ನನ್ನ ಸ್ಕೂಲು ಮುಚ್ಚಿದ ಹಾಗೇ. ಪಾಸ್‌ವರ್ಡು ಗೊತ್ತಿರೋದು ಇಬ್ಬರಿಗೆ. ಒಂದು ನಾನು. ಇನ್ನೊಂದು," ಬೆರಳು ಕಿಂಡಿಯ ಕಡೆ ತಿರುಗಿತು, "ಈ ಅಮ್ಮ!"

ಡಾಕ್ಟರು ಹೊರಗೆ ಬಂದರು. ಬೆಂಚಿನ ಮೇಲಿದ್ದವರೆಲ್ಲ ಅಕ್ಕನ ಕಡೆ ನೋಡಿದರು. ಹಿಂದೆ ಮೇಷ್ಟರ ಪಾಸ್‌ವರ್ಡು ಕೇಳಿ ನಕ್ಕಿದ್ದವರೇ. "ಹೌದು, ನಂದೂ ಬಾಯಿಪಾಠ ಹೇಳ್ತಿದ್ರು" ಎಂದಿತು ಒಂದು ದನಿ. "ಜೋರಾಗಿ ಹೇಳ್ತಿದ್ರು" ಎಂದಿತು ಇನ್ನೊಂದು.

"ನಿಜ ಆಗಿದ್ರೆ," ಎಂದರು ಡಾಕ್ಟರು, ಅಕ್ಕನ ಮುಖ ನೋಡದೆ, "ನಾಳೆಯಿಂದ ನೀವು ಇಲ್ಲಿ ಕೂರೋಕಾಗಲ್ಲ."

ಕಂಠಪಾಠಕ್ಕನಿಗೆ ಒಂದು ಅಕ್ಷರವೂ ನೆನಪಾಗಲಿಲ್ಲ. ಕುರ್ಚಿ ಹೋದರೆ ಹೋಗಲಿ. ಊರವರ ಕಾಯಿಲೆಯನ್ನು ಊರಿಗೆ ಹಂಚಿದವಳು ಎಂಬ ಹೆಸರು ಹೊತ್ತು ಯಾವ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು? "ನಾನಲ್ಲ" ಎಂದಳು. ಕಳ್ಳರೂ ಹಾಗೇ ಹೇಳುತ್ತಾರೆ ಎಂದು ಅವಳಿಗೇ ಅನಿಸಿತು.

ಮಿತಾಕ್ಷರಿ ಯಾವಾಗ ಬಂದು ಪಕ್ಕ ನಿಂತಳೋ ಯಾರಿಗೂ ಗೊತ್ತಿಲ್ಲ.

"ಹಳೇದು ಅಕ್ಕನಿಗೆ ಗೊತ್ತಿತ್ತು. ಹೊಸದು ಇಟ್ರಲ್ಲ ನೀವು?"

"ಇಡಿಸಿದ್ರಿ! ಬೈಕೊಂಡು ಇಟ್ಟೆ."

"ಅದನ್ನ ಇವರಿಗೆ ಹೇಳಿದ್ರಾ?"

"ನಾನ್ಯಾಕೆ ಹೇಳ್ಲಿ? ಅವರಿಗೆ ಒಳಗೇ ಕಾಣುತ್ತಲ್ಲ!"

ಮಿತಾಕ್ಷರಿ ಪರದೆಯನ್ನು ಅವನ ಕಡೆ ತಿರುಗಿಸಿದಳು. ಅವನ ಹೆಸರಿನ ಮುಂದೆ ಅಕ್ಷರ, ಅಂಕಿ, ಚಿಹ್ನೆಗಳು ಜಾತ್ರೆಯಲ್ಲಿ ಕೈತಪ್ಪಿದವರ ಹಾಗೆ ಗುಂಪುಗೂಡಿದ್ದವು. ಯಜಮಾನ ಕನ್ನಡಕ ಏರಿಸಿ ನೋಡಿದ.

"ಇದು ನನ್ನದಲ್ಲ."

"ನಿಮ್ಮದೇ. ಇಷ್ಟೇ ಇರೋದು. ಅಕ್ಕನಿಗೆ ಕಾಣೋದೂ ಇದೇ, ನನಗೂ ಇದೇ, ಡಾಕ್ಟರಿಗೂ ಇದೇ."

"ಹೌದು, ಈ ವ್ಯವಸ್ಥೆ ನಾನೇ ಮಾಡಿಸಿದ್ದು" ಎಂದರು ಡಾಕ್ಟರು, ಪರದೆಯನ್ನು ಮೊದಲ ಸಲ ನೋಡುತ್ತಾ. ಆಮೇಲೆ ಏನೋ ಹೊಳೆದು, "ಅಲ್ಲ ಸ್ವಾಮಿ, ರಿಪೋರ್ಟು ನೀವು ನೋಡೋದು ಎಲ್ಲಿ?" ಎಂದರು.

"ಸ್ಕೂಲಿನ ಕಂಪ್ಯೂಟರಲ್ಲಿ. ಪಾಸ್‌ವರ್ಡು ಅದೇ ನೆನಪಿಟ್ಕೊಳ್ಳುತ್ತೆ, ನಾನು ಬರೀ ಒತ್ತೋದು."

"ಆ ಕಂಪ್ಯೂಟರ್ ಮುಂದೆ ಕೂರೋದು ಯಾರು?"

"ಯಾರು ಅಂದ್ರೆ, ನನ್ನ ಭಾಮೈದ..." ಎಂದು ಶುರುಮಾಡಿದ ಯಜಮಾನ ಅಲ್ಲಿಗೇ ನಿಂತ. ಬೆಂಚಿನ ಮೇಲಿದ್ದ ಒಬ್ಬ ಅಜ್ಜಿ, "ಮಗ ಅಮ್ಮನಿಗೆ ಹೇಳಿದಾನೆ, ಬಿಡಪ್ಪ" ಎಂದು ತೀರ್ಪು ಕೊಟ್ಟಳು. ಬಂದಾಗ ಇದ್ದ ದನಿಯಲ್ಲಿ ಕಾಲು ಭಾಗವನ್ನೂ ಉಳಿಸಿಕೊಳ್ಳದೆ ಆತ ಹೊರಟುಹೋದ.

ಮಧ್ಯಾಹ್ನ ಅಕ್ಕ ತನ್ನ ಊಟದ ಡಬ್ಬಿ ಹಿಡಿದು ಮಿತಾಕ್ಷರಿಯ ಮೇಜಿಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಎದುರಿಗೆ ಕೂತಾಗ ಬಂದದ್ದು ಇಷ್ಟೇ: "ನಿನಗೆ ಮನಸ್ಸಲ್ಲೇ ಎಷ್ಟು ಬೈದಿದ್ದೆ ಗೊತ್ತಾ?"

"ಮನಸ್ಸಲ್ಲಿ ಅಲ್ಲ ಅಕ್ಕ. ಕೇಳಿಸ್ತಿತ್ತು."

"ಹಾಳಾದ ಬಾಯಿ ನಂದು. ನೋಡು ತಾಯಿ, ಎಲ್ಲಾ ಗೊತ್ತಿರೋದೇ ನನ್ನ ಬಲ ಅಂತಿದ್ದೆ. ಇವತ್ತು ಗೊತ್ತಿಲ್ಲದೇ ಇದ್ದದ್ದು ಕೈಹಿಡೀತು."

"ನಾನೂ ಅದಕ್ಕೇ ಪ್ರೋಗ್ರಾಮನ್ನ ಹಾಗೆ ಬರೆಯೋದು. ನಾಳೆ ನನ್ನ ಮೇಲೂ ಯಾರಾದ್ರೂ ಬೆರಳು ತೋರಿಸಬಹುದಲ್ಲ." ಆಮೇಲೆ ಸೇರಿಸಿದಳು: "ನೀವಲ್ಲ ಅಂತ ಪರದೆ ತಿರುಗಿಸೋಕೆ ಮುಂಚೆಯೇ ನನಗೆ ಗೊತ್ತಿತ್ತು."

ಅಕ್ಕ ಡಬ್ಬಿಯ ಮುಚ್ಚಳ ತೆಗೆಯಲು ಬಹಳ ಹೊತ್ತು ತೆಗೆದುಕೊಂಡಳು. ಕಣ್ಣು ಒರೆಸಿಕೊಂಡದ್ದು ಯಾರಿಗೂ ಕಾಣಲಿಲ್ಲವೆಂದು ಅವಳ ನಂಬಿಕೆ.

ಕ್ಷಮೆ ಕೇಳುವುದು ಡ್ರೈವಿಂಗ್ ಸ್ಕೂಲಿನ ಯಜಮಾನನ ಜಾಯಮಾನದಲ್ಲಿ ಇರಲಿಲ್ಲ. ಮುಂದಿನ ಪರೀಕ್ಷೆಗೆ ಬಂದವನು ಕಿಂಡಿಯ ಮುಂದೆ ಕೆಮ್ಮಿ, ಮೀಸೆ ತಿರುವಿ, ಗೋಡೆಯ ಗಡಿಯಾರಕ್ಕೆ ಹೇಳುವಂತೆ ಹೇಳಿದ: "ಅಮ್ಮಾ, ನಿಮಗೆ ಗಾಡಿ ಓಡಿಸೋಕೆ ಬರುತ್ತಾ? ಪುಕ್ಕಟೆ ಕಲಿಸ್ತೀನಿ."

"ನನಗೆ ಬೇಡಪ್ಪ, ನನ್ನ ಯಜಮಾನರ ಸ್ಕೂಟರ್ ಇದೆ. ಒಳಗೊಬ್ಬಳಿದ್ದಾಳೆ, ದಿನಾ ಎರಡು ಬಸ್ಸು ಬದಲಾಯಿಸಿ ಬರ್ತಾಳೆ. ಕಲಿಸೋದಾದ್ರೆ ಅವಳಿಗೆ ಕಲಿಸು."

ಭಾನುವಾರ ಮಿತಾಕ್ಷರಿ ಸ್ಟಿಯರಿಂಗ್ ಹಿಡಿದಳು. ಪಕ್ಕದಲ್ಲಿ ಯಜಮಾನ, ಹಿಂದಿನ ಸೀಟಿನಲ್ಲಿ, ಯಾರೂ ಕರೆಯದಿದ್ದರೂ, ಅಕ್ಕ. "ಕ್ಲಚ್ಚು, ಕ್ಲಚ್ಚು!" ಎಂದು ಯಜಮಾನ ಕೂಗಿದ. ಗಾಡಿ ಎರಡು ಸಲ ಮುಗ್ಗರಿಸಿ ನಿಂತಿತು. ಹಿಂದಿನಿಂದ ಹಾರ್ನು ಮೊಳಗಿತು. ಅಕ್ಕ ಕಿಟಕಿಯಿಂದ ತಲೆ ಹೊರಹಾಕಿದಳು.

"ಏನ್ರೀ ಅವಸರ? ಕಲೀತಾ ಇದ್ದಾಳೆ, ನಮ್ಮ ಹುಡುಗಿ!"