ಬಸ್ಸಿಗೆ ತೆಗೆದ ಅಳತೆ

ನಮ್ಮ ಎದುರು ಮನೆಯ ಟೇಪಕ್ಕ ಒಂದು ದಿನ ಡಿಪೋಗೆ ಹೋಗಿ ಬಸ್ಸಿಗೆ ಅಳತೆ ತೆಗೆದುಕೊಂಡು ಬಂದಳು. ತಮಾಷೆಗೆ ಹೇಳುತ್ತಿಲ್ಲ. ಅಂಗಿಗೆ ತೆಗೆಯುವ ಅದೇ ಟೇಪಿನಲ್ಲಿ ಅಗಲ ಇಷ್ಟು, ಉದ್ದ ಇಷ್ಟು ಎಂದು ತೆಗೆದು, ಅಳತೆ ಪುಸ್ತಕದಲ್ಲಿ ಯಾವನೋ ಕಂಡಕ್ಟರನ ಸೊಂಟದ ಲೆಕ್ಕದ ಕೆಳಗೆ ಬರೆದುಕೊಂಡಿದ್ದಳು. ಟೇಪಿನ ಇನ್ನೊಂದು ತುದಿ ಹಿಡಿದವನು ಮೀಸೆ ಡ್ರೈವರ್. ಡಿಪೋದ ಮಿಕ್ಕವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಗಲಿ, ನಗುವವರ ಅಳತೆಯೂ ನನ್ನ ಹತ್ತಿರ ಇದೆ ಎಂದಳಂತೆ ಇವಳು.

ಟೇಪಕ್ಕ ಎನ್ನುವುದು ಬೀದಿ ಇಟ್ಟ ಹೆಸರು. ಕೊರಳಲ್ಲಿ ಟೇಪಿಲ್ಲದೆ ಅವಳನ್ನು ಕಂಡವರು ಯಾರೂ ಇಲ್ಲ. ಬಸ್ಸಿನವರ ಖಾಕಿ ಬಟ್ಟೆ ಹೊಲಿಯುವುದು ಅವಳ ಕೆಲಸ. ಮುಂದಿನ ಕೋಣೆಯೇ ಅಂಗಡಿ: ಎರಡು ಮಿಷನ್ನು, ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಖಾಕಿಯ ಗಂಟು, ನಡುವೆ ಒಂದು ಸ್ಟೂಲು. ಸ್ಟೂಲು ಇರುವುದು ಡ್ರೈವರುಗಳಿಗೆ. ಎಂಟು ಗಂಟೆ ಕೂತೇ ಇರುವವನಿಗೆ ನಿಲ್ಲಿಸಿ ಅಳತೆ ತೆಗೆದರೆ ಪ್ಯಾಂಟು ಮೊದಲ ವಾರವೇ ಹಿಂದೆ ಬಿರಿಯುತ್ತದೆ ಎಂದು, ಡ್ರೈವರ್ ಯಾರೇ ಬಂದರೂ ಅವಳು ಸ್ಟೂಲಿನ ಮೇಲೆ ಕೂರಿಸಿಯೇ ಅಳೆಯುವುದು. ಇದು ಅವಳ ಹೆಮ್ಮೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೊಲಿದದ್ದಕ್ಕೆಲ್ಲ ಕಾಜಾ ಹಾಕಿ ಗುಂಡಿ ಕಟ್ಟುವವರು ಅವಳ ಅಕ್ಕ. ನಮಗೆಲ್ಲ ದೊಡ್ಡಕ್ಕ. ಆರು ವರ್ಷದ ಹಿಂದೆ ಬಿದ್ದು ಸೊಂಟದ ಮೂಳೆ ಮುರಿಯಿತು. ಕೂಡಿದ್ದು ಸರಿಯಾಗಿ ಕೂಡಲಿಲ್ಲ. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು, ಮೂರು ಮೆಟ್ಟಿಲಿನ ಪೈಕಿ ಮೇಲಿನದರಲ್ಲಿ ಮೆಲ್ಲಗೆ ಕೂರುತ್ತಾರೆ. ಅಲ್ಲಿಗೆ ಅವರ ಲೋಕ ಮುಗಿಯಿತು. ನಮ್ಮ ಬೀದಿ ಗುಡ್ಡದ ಮೇಲಿದೆ. ಒಂಬತ್ತನೇ ನಂಬರ್ ಬಸ್ಸು ಗುಡ್ಡದ ಬುಡದಲ್ಲೇ ನಿಂತು ವಾಪಸ್ ಹೋಗುತ್ತದೆ. ನಡುವಿನ ಇಳಿಜಾರು ಗಟ್ಟಿ ಕಾಲಿನವರನ್ನೇ ಅಳಿಸುತ್ತದೆ. ಈ ಊರಿನ ಬಸ್ಸುಗಳಲ್ಲಿ ದೊಡ್ಡಕ್ಕನ ಕಾಜಾ ದಿನಾ ಓಡಾಡುತ್ತದೆ, ದೊಡ್ಡಕ್ಕ ಆರು ವರ್ಷದಿಂದ ಒಂದು ಬಸ್ಸೂ ಹತ್ತಿಲ್ಲ.

ಹಾಗಿದ್ದೂ ಅಂಗವಿಕಲರ ಪಾಸನ್ನು ಅವರು ವರ್ಷವರ್ಷ ಮಾಡಿಸುತ್ತಿದ್ದರು. ನಾನು ಪೋಸ್ಟಾಫೀಸಿನಿಂದ ನಿವೃತ್ತನಾದವನು, ಅಕ್ಷರ ದುಂಡಗಿದೆ, ಹಾಗಾಗಿ ಫಾರಂ ತುಂಬುವ ಕೆಲಸ ನನ್ನದು. ಹತ್ತದ ಬಸ್ಸಿಗೆ ಪಾಸೇಕೆ ಎಂದು ಒಮ್ಮೆ ಕೇಳಿಯೂ ಬಿಟ್ಟೆ. ಇರಲಿ ಎಂದಷ್ಟೇ ಹೇಳಿ, ಪಾಸನ್ನು ಗುಂಡಿ ಡಬ್ಬಿಯಲ್ಲಿ ಇಟ್ಟುಕೊಂಡರು.

ಈಗ ಸುದ್ದಿ ಬಂತು. ಊರಿನ ಬಸ್ ದಾರಿಗಳೆಲ್ಲ ಬದಲಾಗುತ್ತವೆ, ದರವೂ ಬದಲಾಗುತ್ತದೆ. ಒಂಬತ್ತನೇ ನಂಬರು ಇನ್ನು ಮೇಲೆ ಬುಡದಲ್ಲಿ ನಿಲ್ಲುವುದಿಲ್ಲ, ಆಸ್ಪತ್ರೆ, ಮಾರುಕಟ್ಟೆ ಎಲ್ಲ ಸುತ್ತಿಕೊಂಡು ಮತ್ತೆ ಹೊರಟಲ್ಲಿಗೇ ಬರುವ ರೌಂಡ್ ರೂಟು. ಆಸ್ಪತ್ರೆಗೆ ಗುಡ್ಡ ಬಳಸಿ ಕೆಳಗಿನ ರಸ್ತೆಯಲ್ಲೂ ಹೋಗಬಹುದು, ಗುಡ್ಡ ಹತ್ತಿ ನಮ್ಮ ಬೀದಿಯಲ್ಲೂ ಹೋಗಬಹುದು. ಪಟ್ಟಿಯಲ್ಲಿ ಕೆಳಗಿನ ರಸ್ತೆ ಅಂತಿತ್ತು. ತಕರಾರಿದ್ದರೆ ಹದಿನೈದು ದಿನದೊಳಗೆ ಹೇಳಿ ಅಂತಲೂ ಇತ್ತು. ಟೇಪಕ್ಕನಿಗೆ ಅಷ್ಟು ಸಾಕಾಯಿತು.

ನಿಜ ಹೇಳಿಬಿಡುತ್ತೇನೆ, ನಾನು ವಿರುದ್ಧವಾಗಿದ್ದೆ. ಬಸ್ಸು ಬಂದರೆ ಧೂಳು ಬರುತ್ತದೆ, ಹಾರನ್ನು ಬರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಸ್ಟೇಜ್ ಹೆಚ್ಚಾಗಿ ಟಿಕೆಟ್ ದರ ಏರುತ್ತದೆ. ನಡೆಯುವುದಕ್ಕೆ ಕಾಲಿಲ್ಲವೇ ಎಂದು ಮನೆಯಲ್ಲಿ ಗೊಣಗಿದೆ. ಎಲ್ಲರಿಗೂ ಇದೆಯಾ ಎಂದು ಕೇಳಿ ನನ್ನ ಹೆಂಡತಿ ಒಳಗೆ ಹೋದಳು. ಆಮೇಲೆ ಅರ್ಜಿಯನ್ನು ನಾನೇ ಬರೆದುಕೊಟ್ಟೆ, ಮುಖ ಗಂಟು ಹಾಕಿಕೊಂಡೇ.

ರೂಟುಗಳನ್ನು ನೋಡಿಕೊಳ್ಳುವ ಅಧಿಕಾರಿ ಒಬ್ಬರಿದ್ದರು, ಎಲ್ಲರ ಬಾಯಲ್ಲೂ ರೂಟ್ ಸಾಹೇಬರು. ಅವರು ಅರ್ಜಿ ನೋಡಿ, ನಿಮ್ಮ ಬೀದಿಗೆ ನಮ್ಮ ಬಸ್ಸು ಹಿಡಿಸುವುದಿಲ್ಲಮ್ಮ ಎಂದರು. ಹಿಡಿಸುತ್ತದೋ ಇಲ್ಲವೋ ಎನ್ನುವುದು ದರ್ಜಿಗೆ ಬಿಟ್ಟ ಮಾತು ಎಂದು ಇವಳು ಟೇಪು ಬಿಚ್ಚಿದ್ದು ಆಗಲೇ. ಬಸ್ಸಿನ ಅಗಲ ಎಂಟು ಅಡಿಗೆ ಸ್ವಲ್ಪ ಮೇಲೆ. ಬೀದಿ ಎಲ್ಲಕ್ಕಿಂತ ಇಕ್ಕಟ್ಟಾಗುವುದು ಅವಳ ಮನೆಯ ಮುಂದಿನ ಎಡ ತಿರುವಿನಲ್ಲಿ. ಅಲ್ಲಿ ಅವಳ ಮೆಟ್ಟಿಲಿನಿಂದ ನನ್ನ ಕಾಂಪೌಂಡಿಗೆ ಹನ್ನೊಂದು ಅಡಿ. ಹತ್ತಿರ ಹತ್ತಿರ ಎರಡು ಮೊಳ ಲೂಸ್ ಇದೆ ಸಾರ್ ಎಂದು ಪುಸ್ತಕವನ್ನೇ ಸಾಹೇಬರ ಮೇಜಿನ ಮೇಲೆ ಇಟ್ಟಳು. ಸಾಹೇಬರು ನಕ್ಕರೋ ಸೋತರೋ ಗೊತ್ತಿಲ್ಲ, ಶನಿವಾರ ಒಂದು ಖಾಲಿ ಬಸ್ಸು ತಂದು ನೋಡೋಣ, ಸಂಜೆಗೆ ಪಟ್ಟಿ ಅಚ್ಚಿಗೆ ಹೋಗುತ್ತೆ, ಅಷ್ಟರೊಳಗೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂದರು.

ಶನಿವಾರ ಹತ್ತು ಗಂಟೆಗೆ ಗುಡ್ಡದ ಬುಡದಲ್ಲಿ ಇಂಜಿನ್ನಿನ ಸದ್ದು ಕೇಳಿದಾಗ ಬೀದಿಗೆ ಬೀದಿಯೇ ಹೊರಗೆ ಬಂತು. ಮುಖಕ್ಕೆ ಅರ್ಧ ಸೋಪು ಹಚ್ಚಿಕೊಂಡವನು ಹಾಗೇ ಬಂದ. ಮೆಟ್ಟಿಲ ಮೇಲಿದ್ದ ದೊಡ್ಡಕ್ಕನನ್ನು ತಂಗಿ ಒಳಗೆ ಕರೆದು ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದಳು. ಬಸ್ಸು ಉಬ್ಬಸ ಪಡುತ್ತ ಹತ್ತಿತು. ನೀಲಿ ಬಸ್ಸು, ಸ್ಟೀರಿಂಗ್ ಹಿಂದೆ ಮೀಸೆ ಡ್ರೈವರ್, ಪಕ್ಕದಲ್ಲಿ ರಟ್ಟು ಹಿಡಿದು ಸಾಹೇಬರು. ನಮ್ಮ ಬೀದಿಯಲ್ಲಿ ಬಸ್ಸು! ವಿರುದ್ಧವಾಗಿದ್ದ ನಾನೂ ತುದಿಗಾಲಲ್ಲಿ ನಿಂತೆ, ಹೇಳಿಕೊಳ್ಳಲು ನಾಚಿಕೆ.

ಮೂತಿ ಸಲೀಸಾಗಿ ತಿರುಗಿತು. ಚಪ್ಪಾಳೆ ಬಿತ್ತು. ಆದರೆ ಮೂತಿ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗಲಿಲ್ಲ. ಅದು ಒಳಕ್ಕೆ ಎಳೆದುಕೊಂಡು ಬಂದು ಸೀದಾ ಟೇಪಕ್ಕನ ಕೆಳ ಮೆಟ್ಟಿಲಿಗೆ ಕರ್ರೆಂದು ಉಜ್ಜಿತು. ಮೀಸೆ ಡ್ರೈವರ್ ಹಿಂದೆ ತೆಗೆದು, ನನ್ನ ಕಾಂಪೌಂಡಿಗೆ ಬಳಿದ ಸುಣ್ಣ ಬಸ್ಸಿಗೆ ತಾಗುವಷ್ಟು ಬಲಕ್ಕೆ ಒತ್ತಿ ಇನ್ನೊಮ್ಮೆ ನೋಡಿದ. ಮತ್ತೆ ಅದೇ ಮೆಟ್ಟಿಲು. ಇಂಜಿನ್ ನಿಲ್ಲಿಸಿ ಇಳಿದು ಬಂದು ಟೇಪಕ್ಕನ ಎದುರು ನಿಂತ.

"ಅಲ್ಲ ಟೇಪಕ್ಕ, ನನ್ನನ್ನ ಸ್ಟೂಲ್ ಮೇಲೆ ಕೂರಿಸಿ ಅಳೀತೀರಿ. ಬಸ್ಸನ್ನ ಮಾತ್ರ ನಿಲ್ಲಿಸಿಬಿಟ್ಟು ಅಳೆದ್ರಲ್ಲ?"

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ. ನಿಂತವನಿಗೊಂದು ಅಳತೆ, ಕೂತವನಿಗೊಂದು ಅಳತೆ ಎಂದು ಡಿಪೋಗೆಲ್ಲ ಪಾಠ ಹೇಳಿದವಳು, ತಿರುಗುವ ಬಸ್ಸಿಗೂ ಬೇರೆ ಅಳತೆ ಇರುತ್ತದೆ ಎನ್ನುವುದನ್ನು ಮರೆತಿದ್ದಳು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಅದನ್ನು ನೋಡಿದ್ದೇ ಅವಳು ನೆಲಕ್ಕೆ ಮಂಡಿಯೂರಿ, ಚಕ್ರದ ಗುರುತಿನಿಂದ ಟೇಪು ಎಳೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೆಟ್ಟಿಲ ಮೇಲೆ ಗೆರೆ ಎಳೆದಳು. ಗೆರೆ ಕೆಳಗಿನ ಎರಡನ್ನೂ ದಾಟಿ ಮೇಲಿನ ಮೆಟ್ಟಿಲಿಗೆ ಹೋಯಿತು. ಮೂರೂ ಹೋದರೆ ಬಸ್ಸು ಹೋಗುತ್ತದೆ ಎಂದ ಮೀಸೆ ಡ್ರೈವರ್.

ಗೆರೆ ಎಳೆದ ಕೈ ಅಲ್ಲೇ ನಿಂತಿತು. ಮೇಲಿನ ಮೆಟ್ಟಿಲು ನಡುವೆ ನುಣುಪಾಗಿತ್ತು, ಆರು ವರ್ಷ ಒಬ್ಬರೇ ಕೂತ ಜಾಗ. ಅದು ಹೋದರೆ ಹೊಸಿಲಿನಿಂದ ರಸ್ತೆಗೆ ಮಂಡಿಯೆತ್ತರದ ಇಳಿತ. ಒಡೆದ ಮೇಲೂ ಬಸ್ಸು ತಿರುಗದಿದ್ದರೆ ದೊಡ್ಡಕ್ಕನಿಗೆ ಬೀದಿಯೂ ಇಲ್ಲ, ಬಸ್ಸೂ ಇಲ್ಲ. ಟೇಪಕ್ಕ ಎದ್ದು ಕೈ ಒರೆಸಿಕೊಂಡಳು.

"ಬೇಡ ಸಾರ್. ಕೆಳಗಿನ ರಸ್ತೇಲೇ ಹೋಗ್ಲಿ ಬಿಡಿ."

ಹದಿನೈದು ದಿನ ಬೀದಿಯ ಜನರನ್ನು ನಿದ್ದೆ ಮಾಡಗೊಡದವಳು ಹೇಳಿದ ಮಾತು ಇದು. ಬಾಗಿಲಲ್ಲಿ ಕೋಲಿನ ಸದ್ದಾಯಿತು. ದೊಡ್ಡಕ್ಕ ಚೌಕಟ್ಟು ಹಿಡಿದು ಎದ್ದು ನಿಂತಿದ್ದರು.

"ಅದು ಯಾರು ಕೂರೋ ಮೆಟ್ಟಿಲು?"

"ನಿಂದೇ ಅಕ್ಕ. ಅದಕ್ಕೇ ಹೇಳ್ತಿರೋದು."

"ನಂದು ಅಂದ್ಮೇಲೆ ನನ್ನ ಕೇಳ್ಬೇಕು ತಾನೆ? ಕೂತು ಕೂತು ನನಗೇ ಸಾಕಾಗಿದೆ ಕಣೇ. ಒಡೀರಿ."

ಕಡ್ಡಿ ಮುರಿದಂತೆ ಹೇಳಿ ಮತ್ತೆ ಕುರ್ಚಿಯಲ್ಲಿ ಕೂತರು. ತಂಗಿ ಅಳುವುದಕ್ಕೆ ಶುರುಮಾಡುವ ಮೊದಲೇ ನಾನು ಮನೆಗೆ ಹೋಗಿ ಹಾರೆ ತಂದೆ. ಯಾಕೆ ತಂದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಮೊದಲ ಪೆಟ್ಟು ನನ್ನದು, ಹಾರೆ ಜಾರಿ ನನ್ನ ಚಪ್ಪಲಿಗೇ ಬಿತ್ತು. ಪಕ್ಕದ ಮನೆಯ ಗಾರೆ ಮೇಸ್ತ್ರಿ, ಮಾಮ ನೀವು ಸಾಹೇಬರಿಗೆ ಟೀ ಕೊಡಿ ಹೋಗಿ ಎಂದು ಹಾರೆ ಕಿತ್ತುಕೊಂಡ. ಅಲ್ಲಿಂದ ಮುಂದೆ ನಾಲ್ಕು ಜನ ಸುತ್ತಿಗೆ, ಮೂರು ಜನ ಬುಟ್ಟಿ, ಮಿಕ್ಕವರೆಲ್ಲ ಬುದ್ಧಿವಾದ. ಸಾಹೇಬರು ನಮ್ಮ ಜಗಲಿಯಲ್ಲಿ ಎರಡು ಲೋಟ ಟೀ ಕುಡಿದು ಆರು ಸಲ ಗಡಿಯಾರ ನೋಡಿದರು. ಒಂದು ಗಂಟೆಯಲ್ಲಿ ಹೊಸಿಲಿನ ಮುಂದೆ ನೆಲ ಸಪಾಟಾಯಿತು.

ಸಾಹೇಬರು ಮತ್ತೆ ಹತ್ತಿ ಕೂತರು, ಬಸ್ಸು ಮೂರನೆಯ ಸಲ ತಿರುವಿಗೆ ಬಂತು. ಮೂತಿ ತಿರುಗಿತು, ಮೈ ತಿರುಗತೊಡಗಿತು. ಹಿಂದಿನ ಚಕ್ರ ತಿರುವಿಗೆ ಬರುವ ಮೊದಲು ಮೀಸೆ ಡ್ರೈವರ್ ಬಸ್ಸು ನಿಲ್ಲಿಸಿ, ಹಿಂದೆ ಎಷ್ಟಿದೆ ನೋಡ್ರಪ್ಪ ಎಂದು ಕೂಗಿದ. ನಾನು ಬೀದಿಯ ಈಚೆ ಬದಿ ನಿಂತಿದ್ದೆ. ಬಸ್ಸು ನಮ್ಮೆರಡು ಮನೆಗಳ ನಡುವೆ ಗೋಡೆಯಂತೆ ನಿಂತಿತ್ತು. ಕಿಟಕಿಗಳೊಳಗಿಂದ ಆಚೆಯ ಬಾಗಿಲು ಕಾಣುತ್ತಿತ್ತು, ಬಾಗಿಲಲ್ಲಿ ನಿಂತ ದೊಡ್ಡಕ್ಕನ ತಲೆಯೂ ಕಾಣುತ್ತಿತ್ತು. ಮೇಸ್ತ್ರಿ ಬಗ್ಗಿ ನೋಡಿ ನಾಲ್ಕು ಬೆರಳು ತೋರಿಸಿದ. ಹೋಗು ಎಂದು ಎಲ್ಲರೂ ಕೂಗಿದೆವು. ಬಸ್ಸು ಮೆಲ್ಲಗೆ ಹೊರಟಿತು.

ಬಸ್ಸಿನ ಜೊತೆ ದೊಡ್ಡಕ್ಕನ ತಲೆಯೂ ಹೊರಟಿತು.

ಮೊದಲು ನನಗೆ ಕಣ್ಣು ಮಂಜಾಯಿತೆಂದುಕೊಂಡೆ. ಆಮೇಲೆ ಬಸ್ಸು ದಾಟಿದ ಮೇಲೆ ನೋಡಿದರೆ ಎದುರು ಹೊಸಿಲಿನಲ್ಲಿ ಟೇಪಕ್ಕ ಒಬ್ಬಳೇ ಬಾಯಿ ಬಿಟ್ಟುಕೊಂಡು ನಿಂತಿದ್ದಾಳೆ. ಆದದ್ದು ಇಷ್ಟು: ನಿಂತ ಬಸ್ಸಿನ ಬಾಗಿಲು ಸರಿಯಾಗಿ ಮನೆ ಬಾಗಿಲಿನ ಮುಂದಿತ್ತು. ಮೆಟ್ಟಿಲು ಹೋದ ಹೊಸಿಲೂ ಬಸ್ಸಿನ ಫುಟ್‌ಬೋರ್ಡೂ ಒಂದೇ ಎತ್ತರ, ನಡುವೆ ಒಂದು ಗೇಣು. ದೊಡ್ಡಕ್ಕ ಅದನ್ನು ನೋಡಿದರು, ತಂಗಿ ಚಕ್ರ ನೋಡುತ್ತಿದ್ದಳು, ಇವರು ಗುಂಡಿ ಡಬ್ಬಿ ಕಂಕುಳಲ್ಲಿಟ್ಟು, ಬಸ್ಸಿನ ಕಂಬಿ ಹಿಡಿದು, ಒಂದು ಹೆಜ್ಜೆ ಇಟ್ಟುಬಿಟ್ಟರು.

ಟೇಪಕ್ಕ ಹೊಸಿಲಿನಿಂದ ಕೆಳಗೆ ಹಾರಿದಳು. ನಲವತ್ತೇಳು ವರ್ಷದ ಹೆಂಗಸು, ಕೊರಳಲ್ಲಿ ಟೇಪು ಹಾರಾಡಿಸಿಕೊಂಡು ಬಸ್ಸಿನ ಹಿಂದೆ ಓಡಿದಳು. ಅವಳ ಹಿಂದೆ ಬೀದಿ ಓಡಿತು, ಬೀದಿಯ ಹಿಂದೆ ಒಂದೇ ಚಪ್ಪಲಿಯಲ್ಲಿ ನಾನು. ನೀರಿನ ಟ್ಯಾಂಕಿನ ಬಳಿ ಬಸ್ಸು ನಿಂತಿತ್ತು. ಒಳಗೆ ಸಾಹೇಬರು ದೊಡ್ಡಕ್ಕನಿಗೆ ತಿಳಿಹೇಳುತ್ತಿದ್ದರು: ಇದು ಪರೀಕ್ಷೆಯ ಬಸ್ಸು, ಪ್ರಯಾಣಿಕರು ಹತ್ತುವ ಹಾಗಿಲ್ಲ, ಟಿಕೆಟ್ಟೇ ಇಲ್ಲ.

"ಟಿಕೆಟ್ ಯಾಕೆ? ಪಾಸಿದೆ," ಎಂದು ದೊಡ್ಡಕ್ಕ ಡಬ್ಬಿ ತೆರೆದರು. ಗುಂಡಿಗಳ ನಡುವಿನಿಂದ ಪಾಸು ತೆಗೆದು ಮುಂದೆ ಹಿಡಿದರು. "ನೋಡಿ. ಆರು ವರ್ಷದಿಂದ ಯಾರೂ ನೋಡಿಲ್ಲ."

ಸಾಹೇಬರು ಪಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಫೋಟೋ ನೋಡಿದರು, ಮುಖ ನೋಡಿದರು, ವಾಪಸ್ ಕೊಟ್ಟರು. ಏದುಸಿರು ಬಿಡುತ್ತ ಟೇಪಕ್ಕ ಹತ್ತಿ, ಇಳಿಯಕ್ಕ, ಮೆಲ್ಲಗೆ ಎತ್ತಿಕೊಂಡು ಹೋಗ್ತೀವಿ ಎಂದಳು.

"ಇಳಿದು ಏನ್ಮಾಡ್ಲಿ? ಮನೆಗೆ ಹತ್ತೋಕೆ ಮೆಟ್ಟಿಲೆಲ್ಲಿದೆ? ಈ ಬಸ್ಸೇ ನನ್ನ ಬಾಗಿಲಿಗೆ ಬಿಡಬೇಕು."

ಬಾಗಿಲಿಗೆ ಬಿಡಬೇಕಾದರೆ ಬಸ್ಸು ಮತ್ತೆ ಬುಡದಿಂದಲೇ ಹತ್ತಿ ಬರಬೇಕು. ಅಷ್ಟು ದೊಡ್ಡ ಬಸ್ಸನ್ನು ಗುಡ್ಡದ ಮೇಲೆ ತಿರುಗಿಸಿಕೊಳ್ಳಲು ಜಾಗವಿಲ್ಲ. ಉಳಿದದ್ದು ಒಂದೇ ದಾರಿ, ರೌಂಡ್ ರೂಟಿನ ಪೂರ್ತಿ ಸುತ್ತು. ಮೀಸೆ ಡ್ರೈವರ್ ಸಾಹೇಬರ ಮುಖ ನೋಡಿದ. ಸಾಹೇಬರು ಕಿಟಕಿಯಾಚೆ ನೋಡುತ್ತ, ದಾರಿ ಪೂರ್ತಿ ಪರೀಕ್ಷೆ ಆಗಬೇಕಲ್ಲ, ನಡಿ ಎಂದರು. ಟೇಪಕ್ಕ ಅಕ್ಕನ ಪಕ್ಕದಲ್ಲೇ ಕೂತಳು.

ಐವತ್ತು ನಿಮಿಷ ನಾವು ಬೀದಿಯಲ್ಲೇ ನಿಂತೆವು. ಯಾರಿಗೂ ಒಳಗೆ ಹೋಗಲು ಮನಸ್ಸಿಲ್ಲ. ಈಗ ಆಸ್ಪತ್ರೆ ದಾಟಿರಬೇಕು, ಈಗ ಮಾರುಕಟ್ಟೆ, ಈಗ ಸ್ಟೇಷನ್ನು ಎಂದು ನನ್ನ ಹೆಂಡತಿ ಬೆರಳು ಮಡಿಸುತ್ತಿದ್ದಳು. ಕೊನೆಗೆ ಇಂಜಿನ್ನಿನ ಸದ್ದು ಬುಡದಿಂದ ಏರಿತು. ಬಸ್ಸು ಬಂದು ಟೇಪಕ್ಕನ ಬಾಗಿಲಿಗೆ ಬಾಗಿಲು ಕೊಟ್ಟು ನಿಂತಿತು. ದೊಡ್ಡಕ್ಕನ ಕೂದಲೆಲ್ಲ ಗಾಳಿಗೆ ಕೆದರಿತ್ತು, ಮುಖ ಕೆಂಪಾಗಿತ್ತು. ಸ್ಟೇಷನ್ ಬಳಿ ಒಬ್ಬ ಕಂಡಕ್ಟರ್ ಎದೆ ಬಿಟ್ಟುಕೊಂಡು ನಿಂತಿದ್ದನಂತೆ. ಕಾಜಾ ನಾನು ಹಾಕಿದ್ದು, ಗುಂಡಿ ಹಾಕ್ಕೋ ಎಂದು ಕಿಟಕಿಯಿಂದ ಕೂಗಿದರಂತೆ. ಕೂಗಿದ್ದು ಯಾರೆಂದು ತಿಳಿಯದೆಯೇ ಅವನು ಹಾಕಿಕೊಂಡನಂತೆ.

ಹೊಸಿಲಿಗೆ ಒಂದು ಹೆಜ್ಜೆ ಇಟ್ಟು, ಚೌಕಟ್ಟು ಹಿಡಿದು, ಅವರು ಬಸ್ಸಿನ ಕಡೆ ತಿರುಗಿದರು.

"ಮತ್ತೆ ಎಷ್ಟೊತ್ತಿಗೆ?"

ಸಾಹೇಬರು ರಟ್ಟಿನ ಮೇಲೆ ಏನೋ ಬರೆಯುತ್ತಿದ್ದರು. ತಲೆಯೆತ್ತಲಿಲ್ಲ.

"ಒಂದನೇ ತಾರೀಕಿಂದ, ಗಂಟೆಗೊಂದು."

ಬೀದಿಯಲ್ಲಿ ಎದ್ದ ಗದ್ದಲಕ್ಕೆ ಮೀಸೆ ಡ್ರೈವರ್ ಹಾರನ್ನೂ ಸೇರಿಸಿದ. ಒಂದು ಸ್ಟೇಜ್ ಹೆಚ್ಚಾದರೆ ಆಗಲಿ, ನಾನೂ ಕೂಗಿದೆ. ಟೇಪಕ್ಕ ಮಾತ್ರ ಕೂಗಲಿಲ್ಲ. ಬಸ್ಸಿನ ಫುಟ್‌ಬೋರ್ಡಿನಲ್ಲಿ ಬಗ್ಗಿ ನಿಂತು, ಅಲ್ಲಿಂದ ಹೊಸಿಲಿಗೆ ಟೇಪು ಹಿಡಿದು, ನಡುವಿನ ಗೇಣನ್ನು ಅಳೆಯುತ್ತಿದ್ದಳು.