ರೈಲಿನಲ್ಲಿ ಸಿಕ್ಕ ಮಾಯಾ ಅರಮನೆ

ರೈಲಿನಲ್ಲಿ ಅಪರಿಚಿತರು ಕೊಟ್ಟ ಬಿಸ್ಕತ್ತು ತಿಂದರೆ ಎಚ್ಚರ ತಪ್ಪುತ್ತದೆ, ಎದ್ದಾಗ ಸಾಮಾನು ಇರುವುದಿಲ್ಲ. ಆ ದಿನಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಗಾಜುವಾಕದ ನನ್ನ ಹೊಲಿಗೆ ಅಂಗಡಿಯಿಂದ ಮದುವೆಯ ರೇಷ್ಮೆ ರವಿಕೆಗಳನ್ನು ವಿಜಯವಾಡಕ್ಕೆ ಒಯ್ಯುತ್ತಿದ್ದೆ. ಒಂದು ಕಳೆದರೂ ಅಂಗಡಿಯ ಹೆಸರು ಹೋಗುತ್ತಿತ್ತು. ಅದಕ್ಕೇ ಬ್ಯಾಗನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಎದುರಿನ ಸೀಟಿನವರು ನನ್ನ ಕೈಯಲ್ಲಿದ್ದ ಕನ್ನಡ ಪುಸ್ತಕ ನೋಡಿ, "ನಮ್ಮ ಕಡೆಯವರಾ?" ಎಂದು ಬಿಸ್ಕತ್ತು ಚಾಚಿದರು. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಂತೆ. ಬೇಡವೆಂದು ಬ್ಯಾಗನ್ನು ಇನ್ನಷ್ಟು ಒತ್ತಿ ಹಿಡಿದೆ.

ಅವರು ಯುರೋಪಿನ ಹಳೆಯ ಪ್ರೇಮ-ಸಾಹಸ ಕಥೆಗಳ ಬಗ್ಗೆ ಬರೆಯುತ್ತಿದ್ದರಂತೆ. "ಒಬ್ಬ ವೀರ ಕಾಡಿನಲ್ಲಿ ಮಾಯಾ ಅರಮನೆ ಹೊಕ್ಕು ಉಂಡು ಮಲಗುತ್ತಾನೆ. ಬೆಳಗ್ಗೆ ಎದ್ದರೆ ಬರೀ ನೆಲ. ಈಗ ವರ್ಚುವಲ್ ರಿಯಾಲಿಟಿ ಅಂತ ಬಂದಿದೆಯಲ್ಲ, ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡು ಇಲ್ಲದ ಲೋಕದಲ್ಲಿ ಓಡಾಡುವುದು, ಇದೂ ಅದೇ ಅಮ್ಮಾ. ಕಥೆ ಓದುವವರೂ ಹಾಗೇ ಒಳಗೆ ಹೋಗಿಬಿಡುತ್ತಾರೆ."

"ನಾನು ಹೋಗುವವಳಲ್ಲ," ಎಂದೆ. "ನಿಮ್ಮ ವೀರ ಗುರುತಿಲ್ಲದವರ ಮನೆಯಲ್ಲಿ ಉಂಡದ್ದೇ ತಪ್ಪು. ಎದ್ದಾಗ ಅವನ ಕುದುರೆ ಇತ್ತಾ?"

ಮೇಷ್ಟ್ರು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಕುದುರೆಯ ಕಥೆಯನ್ನೇ ಶುರು ಮಾಡಿದರು. ವೀರ ಅದನ್ನು ಹುಡುಕುತ್ತಾ ಸೇತುವೆ ದಾಟಿದ, ಗೋಡೆಯೇ ಇಲ್ಲದ ತೋಟದಲ್ಲಿ ಸೆರೆಯಾದ. ಅವನ ದಡ್ಡತನಕ್ಕೆ ನಾನು ದಾರಿಯುದ್ದಕ್ಕೂ ಬೈಯುತ್ತಲೇ ಇದ್ದೆ.

ವಿಜಯವಾಡ ಬಂತು.

"ಅಮ್ಮಾ, ನಿಮ್ಮ ಬ್ಯಾಗು," ಎಂದರು ಮೇಷ್ಟ್ರು. "ಏಲೂರು ಸ್ಟೇಷನ್ನಿನಿಂದಲೂ ನನ್ನ ಕಾಲ ಮೇಲೆ ಬಿದ್ದಿದೆ."

"ನಿಮ್ಮನ್ನು ಪರೀಕ್ಷಿಸೋಣ ಅಂತ ನಾನೇ ಬಿಟ್ಟಿದ್ದೆ," ಎಂದೆ.

ಅವರು ನಂಬಿದಂತೆ ಕಾಣಲಿಲ್ಲ. ಮೇಷ್ಟ್ರಾದವರಿಗೆ ಇಷ್ಟೊಂದು ಅನುಮಾನ ಒಳ್ಳೆಯದಲ್ಲ.