ಮೂರು ವರ್ಷದ ಎಡೆ

ಆಕೆಯ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಸಣ್ಣ ಗೀರು ಇತ್ತು. ಗಾಯದ್ದಲ್ಲ, ಉಣ್ಣೆಯ ದಾರ ವರ್ಷಗಟ್ಟಲೆ ಅದೇ ಜಾಗದಲ್ಲಿ ಓಡಿ ಓಡಿ ಬಿದ್ದ ಗೀರು. ನಡೆಯುವಾಗ, ಮಾತಾಡುವಾಗ, ನೀರು ಕುದಿಯಲೆಂದು ಒಲೆಯ ಮುಂದೆ ಕಾಯುವಾಗ, ಆಕೆಯ ಕೈಯಿಂದ ನೂಲುವ ಕದಿರು ಬುಗುರಿಯ ಹಾಗೆ ತಿರುಗುತ್ತ ಇಳಿಬಿದ್ದಿರುತ್ತಿತ್ತು. ದೋಣಿ ನಿಲ್ಲುವ ಕಟ್ಟೆಯಿಂದ ಮನೆಗೆ ಏರುವ ಗುಡ್ಡದ ದಾರಿಯಲ್ಲಿ ನಾನು ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದರೆ, ಆಕೆ ನನ್ನ ಚೀಲವನ್ನೂ ಬೆನ್ನಿಗೆ ಕಟ್ಟಿಕೊಂಡು, ನೂಲುತ್ತಲೇ, ಮೇಲೆ ನಿಂತು ಕಾಯುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳು.

ಅದು ಪೆರು ದೇಶದ ಟಿಟಿಕಾಕಾ ಸರೋವರದ ಒಂದು ದ್ವೀಪ. ಅಲ್ಲಿ ಹೋಟೆಲುಗಳಿಲ್ಲ. ಬಂದ ಅತಿಥಿಗಳನ್ನು ಊರಿನವರು ಸರದಿಯ ಪ್ರಕಾರ ಮನೆಮನೆಗೆ ಹಂಚಿಕೊಳ್ಳುತ್ತಾರೆ. ನಾನು, ನನ್ನ ಮಗಳು ಇಳಿದ ದಿನ ಸರದಿ ಆಕೆಯದಾಗಿತ್ತು. ಮನೆಯಲ್ಲಿ ಇದ್ದವರು ಆಕೆ ಮತ್ತು ಸೊಸೆ ಇಬ್ಬರೇ. ನಾನು ಧಾರವಾಡದವಳು, ಎರಡನೆಯ ದಿನದಿಂದ ಆಕೆಯನ್ನು ಅವ್ವ ಎಂದೇ ಕರೆದೆ. ಆಕೆಯೂ ಓಗೊಟ್ಟಳು.

ಅಲ್ಲಿಗೆ ಹೋಗಬೇಕೆಂಬ ಆಸೆ ನನ್ನದಲ್ಲ, ನನ್ನ ಗಂಡನದು. ಡಿಯರ್‌ಬಾರ್ನ್‌ನ ಆಫೀಸಿನಲ್ಲಿ ತನ್ನ ಕಂಪ್ಯೂಟರಿನ ಪಕ್ಕ ಆ ಸರೋವರದ ಚಿತ್ರ ಅಂಟಿಸಿಕೊಂಡು, ಮಗಳ ಕಾಲೇಜು ಮುಗಿದ ಮೇಲೆ ಹೋಗೋಣ ಎನ್ನುತ್ತಿದ್ದ. ಮಗಳ ಕಾಲೇಜು ಮುಗಿಯುವ ಎರಡು ತಿಂಗಳ ಮುಂಚೆ, ಮಾರ್ಚ್‌ನಲ್ಲಿ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಕ್ಯಾಂಟನ್ನಿನ ನಮ್ಮ ಮನೆಯಲ್ಲಿ ಕರ್ಮ ಮಾಡಿಸಲು ಬಂದ ಪುರೋಹಿತರು ಗಂಡುಮಗನಿಲ್ಲವೆಂದು ತಿಳಿದು, ಚಿಕಾಗೋ ಕಡೆಯ ನೇಪರ್‌ವಿಲ್‌ನಿಂದ ಬಂದಿದ್ದ ನನ್ನ ಮೈದುನನನ್ನು ಕೂರಿಸಿದರು. ಎಡೆ ಇಟ್ಟದ್ದು ಅವನು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಯಾರೂ ನನ್ನನ್ನು ಅವಮಾನ ಮಾಡಲಿಲ್ಲ, ಯಾರೂ ನನ್ನನ್ನು ಕರೆಯಲೂ ಇಲ್ಲ. ಅಂದಿನಿಂದ ನಾನು ತಟ್ಟೆ ಹಾಕಿಕೊಂಡು ಉಣ್ಣುವುದನ್ನೇ ಬಿಟ್ಟೆ. ಸಿಂಕಿನ ಪಕ್ಕ ನಿಂತು ಏನೋ ಒಂದಿಷ್ಟು ಬಾಯಿಗೆ ಹಾಕಿಕೊಂಡರೆ ಆ ದಿನದ ಊಟ ಮುಗಿಯಿತು. ಅದನ್ನು ನೋಡಲಾರದೆ ಮಗಳು ಅಕ್ಟೋಬರ್ ಕೊನೆಗೆ ಟಿಕೆಟ್ ತೆಗೆಸಿದಳು.

ಮೊದಲ ಸಂಜೆಯೇ ನಾನು ತಪ್ಪು ಮಾಡಿದೆ. ಎತ್ತರಕ್ಕೆ ತಲೆನೋವು ಬಂದು ಮಗಳು ಮಲಗಿದ್ದಳು. ಕೆಳಗಿನ ಅಡುಗೆಮನೆಯಿಂದ ಏನೋ ಬೇಯುವ ವಾಸನೆ ಬರುತ್ತಿತ್ತು. ಅದರಲ್ಲಿ ಏನಿರುತ್ತದೋ, ಕೇಳಿದರೆ ಏನೆಂದುಕೊಳ್ಳುತ್ತಾರೋ, ಸುಮ್ಮನೆ ಅವರಿಗೇಕೆ ತೊಂದರೆ ಎಂದು ನಮ್ಮವರೆಲ್ಲ ಮಾಡುವುದನ್ನೇ ಮಾಡಿದೆ. ಕ್ಯಾಂಟನ್ನಿನಿಂದ ಕಟ್ಟಿಕೊಂಡು ಬಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು, ಕಿಟಕಿಯ ಹತ್ತಿರ ನಿಂತು ಅರ್ಧ ರೊಟ್ಟಿ ತಿಂದು ಮಲಗಿಬಿಟ್ಟೆ.

ಬೆಳಿಗ್ಗೆ ಕೆಳಗೆ ಹೋಗಿ ಬಂದ ಮಗಳ ಮುಖ ಗಂಟಿಕ್ಕಿತ್ತು.

"ಅಮ್ಮಾ, ಶಿ ಡಿಡಿಂಟ್ ಈಟ್," ಎಂದಳು. "ಯು ಡಿಡಿಂಟ್ ಕಮ್, ಸೋ ಶಿ ಡಿಡಿಂಟ್ ಈಟ್."

"ಅಯ್ಯ, ನಾ ಏನ್ ಆಕಿಗೆ ಉಣಬ್ಯಾಡ ಅಂದೆನೇನ? ಟ್ರಬಲ್ ಕೊಡೂದು ಬ್ಯಾಡಂತ ರೂಮಿನ್ಯಾಗ ತಿಂದೆ."

"ದಟ್ಸ್ ನಾಟ್ ಹೌ ಇಟ್ ವರ್ಕ್ಸ್ ಹಿಯರ್."

ಹಾಗೆ ನೋಡಿದರೆ ನಮ್ಮ ಮನೆಯಲ್ಲೂ ಅದು ಹಾಗಲ್ಲ. ಅತಿಥಿ ಉಣ್ಣುವ ತನಕ ಮನೆಯ ಹೆಂಗಸು ಉಣ್ಣುವುದಿಲ್ಲ ಎಂದು ಮಗಳ ಸ್ನೇಹಿತರ ಮುಂದೆ ಬಡಾಯಿ ಕೊಚ್ಚುತ್ತಿದ್ದವಳು ನಾನೇ. ತಲೆ ತಗ್ಗಿಸಿಕೊಂಡು ಕೆಳಗಿಳಿದೆ. ಮಣ್ಣಿನ ಪಾತ್ರೆಯಲ್ಲಿ ಸಾರು ಮುಟ್ಟದೆ ಹಾಗೇ ಇತ್ತು, ಪಕ್ಕದಲ್ಲಿ ಬಟ್ಟಲುಗಳು ಬೋರಲಾಗಿದ್ದವು. ಆಕೆ ಲಂಗ ಹರಡಿಕೊಂಡು ನೆಲದ ಮೇಲೆ ಕೂತು ನೂಲುತ್ತಿದ್ದಳು. ಸಿಟ್ಟಿನ ಸುಳಿವೇ ಇರಲಿಲ್ಲ. ಸಾರು ಬಿಸಿ ಮಾಡಿ, ಬಟ್ಟಲಿಗೆ ಹಾಕಿ, ನನ್ನ ಮುಂದಿಟ್ಟು, "ಮಿಖುಯ್," ಎಂದಳು. ಉಣ್ಣು ಎಂದರ್ಥ. ಆಕೆಯ ಭಾಷೆಯಲ್ಲಿ ನಾನು ಕಲಿತದ್ದು ಅದೊಂದೇ ಮಾತು. ಕೋಳಿಗಳಿಗೆ ಕಾಳು ಎರಚುವಾಗಲೂ, ದಾರಿಯಲ್ಲಿ ಸಿಕ್ಕವರ ಕೈಗೆ ಬೇಯಿಸಿದ ಆಲೂಗಡ್ಡೆ ಇಡುವಾಗಲೂ ಆಕೆ ಅದನ್ನೇ ಅನ್ನುತ್ತಿದ್ದಳು.

ಸಾರಿನಲ್ಲಿ ಆಲೂಗಡ್ಡೆ, ಕಿನೋವಾ ಕಾಳು, ಪುದೀನದಂಥ ಒಂದು ಸೊಪ್ಪು, ಅಷ್ಟೇ ಇತ್ತು. ನಾವು ಮಾಂಸ ತಿನ್ನುವುದಿಲ್ಲವೆಂದು ಮಗಳು ಮೊದಲೇ ತಿಳಿಸಿದ್ದಳಂತೆ, ನನಗೇ ಗೊತ್ತಿರಲಿಲ್ಲ. ನೆಲದ ಮೇಲೆ ಕೂತು ಎರಡು ಬಟ್ಟಲು ಕುಡಿದೆ. ಏಳು ತಿಂಗಳಲ್ಲಿ ಕೂತು ಉಂಡದ್ದು ಅದೇ ಮೊದಲು. ಮೂರನೆಯದಕ್ಕೆ ಆಕೆ ಸೌಟು ಎತ್ತಿದಾಗ ನನಗೆ ಅಳು ತಡೆಯಲಾಗಲಿಲ್ಲ. ಆಕೆ ಸೌಟನ್ನೂ ಕದಿರನ್ನೂ ಪಕ್ಕಕ್ಕಿಟ್ಟಳು. ಆಕೆಯ ಕೈ ಖಾಲಿ ಇದ್ದುದನ್ನು ಆಗಲೇ ನಾನು ನೋಡಿದ್ದು. ಸೊಸೆಯ ಕಡೆ ತಿರುಗಿ ಏನೋ ಕೇಳಿದಳು. ಸೊಸೆ ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದಳು. ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿತಿದ್ದ ಮಗಳು, "ಯಾರು ಹೋದರು ಅಂತ ಕೇಳ್ತಿದ್ದಾರೆ," ಎಂದಳು. ನನ್ನೊಡನೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಹುಡುಗಿ ಅದೊಂದನ್ನು ಕನ್ನಡದಲ್ಲಿ ಹೇಳಿದಳು.

ನವೆಂಬರ್ ಒಂದರ ಮಧ್ಯಾಹ್ನ ಅಲ್ಲಿ ಸತ್ತವರು ಮನೆಗೆ ಬರುತ್ತಾರೆ, ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಹೊರಡುತ್ತಾರೆ. ಹೊಸದಾಗಿ ಹೋದವರಿಗೆ ಮೂರು ವರ್ಷ ತಪ್ಪದೆ ಮೇಜಿನ ಮೇಲೆ ಎಡೆ ಇಡಬೇಕು. ಆಮೇಲೆ ಅವರಿಗೆ ಆಚೆಯ ದಾರಿ ರೂಢಿಯಾಗುತ್ತದಂತೆ. ಅವ್ವನ ಮಗ ಸರೋವರದಲ್ಲಿ ದೋಣಿ ಮಗುಚಿ ಹೋದವನು, ಆ ವರ್ಷ ಅವನ ಮೂರನೆಯ ಎಡೆ, ಕೊನೆಯದು. ಮೇಜಿನ ತುಂಬ ಏಣಿಯಾಕಾರದ, ಮಗುವಿನಾಕಾರದ ರೊಟ್ಟಿಗಳನ್ನು ಜೋಡಿಸುತ್ತಿದ್ದ ಆಕೆ ಒಂದು ಮೂಲೆಯನ್ನು ಖಾಲಿ ಬಿಟ್ಟು, ನನ್ನ ಗಂಡನಿಗೆ ಏನು ಇಷ್ಟ ಎಂದು ಕೇಳಿದಳು. ಹೇಳಲು ನಾಚಿಕೆಯಾಯಿತು. ಅವನಿಗೆ ಇಷ್ಟವಾದದ್ದು ಕಟಕ ರೊಟ್ಟಿ, ಶೇಂಗಾ ಚಟ್ನಿ, ನಾನು ಕದ್ದು ತಿಂದದ್ದೇ. ತಂದುಕೊಟ್ಟೆ. ಆಕೆ ಚಟ್ನಿಪುಡಿಯನ್ನು ನಾಲಗೆಯ ತುದಿಗೆ ಮುಟ್ಟಿಸಿ, ಕೆಮ್ಮಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ತಟ್ಟೆಯನ್ನು ತಿರುಗಿ ನನ್ನ ಕೈಗೇ ಕೊಟ್ಟಳು.

ನಾನು ಅಭ್ಯಾಸಬಲದಿಂದ ಬಾಗಿಲಿನತ್ತ ಸರಿದೆ. ನಮ್ಮಲ್ಲಿ ಇದನ್ನು ಗಂಡಸರು ಇಡುತ್ತಾರೆ ಎಂದು ಮಗಳ ಬಾಯಿಂದ ಹೇಳಿಸಿದೆ. ಅವ್ವ ಅರ್ಥವಾಗದವಳಂತೆ ನನ್ನನ್ನೇ ನೋಡಿ ಏನೋ ಕೇಳಿದಳು.

"ಶಿ ಈಸ್ ಆಸ್ಕಿಂಗ್, ಹೂ ಸರ್ವ್ಡ್ ಹಿಮ್ ಎವ್ರಿ ಡೇ?"

"ನಾನ ಬಡಸ್ತಿದ್ದೆ," ಎಂದೆ.

ಮಗಳು ಅದನ್ನು ದಾಟಿಸುವ ಮೊದಲೇ ಆಕೆ ನನ್ನ ಭುಜ ಹಿಡಿದು ಮೇಜಿನ ಮುಂದೆ ನಿಲ್ಲಿಸಿದಳು. ಇಪ್ಪತ್ತೇಳು ವರ್ಷ ಬಡಿಸಿದ ಕೈ, ಆದರೂ ಚಟ್ನಿಪುಡಿ ಮೇಜಿನ ಮೇಲೆಲ್ಲ ಚೆಲ್ಲಿತು. ಆಕೆ ಅದನ್ನು ಒರೆಸಲಿಲ್ಲ, ಒರೆಸಗೊಡಲೂ ಇಲ್ಲ.

ಹೊರಡುವ ದಿನ ಉಳಿದ ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆ. ಇನ್ನೆರಡು ವರ್ಷ ಎಲ್ಲಿ ಇಡಲಿ ಎಂದು ಕೇಳಿದ್ದಕ್ಕೆ ಆಕೆ, ಅವನು ಈ ಮನೆಗೆ ಬಂದು ಉಂಡು ಹೋಗಿದ್ದಾನೆ, ಇಲ್ಲಿಗೇ ಬರುತ್ತಾನೆ, ನಾನು ಇಡುತ್ತೇನೆ ಎಂದಳು. ಮಗನ ಎಡೆ ಮುಗಿದು ಹಗುರಾಗಬೇಕಿದ್ದ ಮೇಜನ್ನು ಮುಖ ನೋಡದ ಒಬ್ಬನಿಗಾಗಿ ಮತ್ತೆ ಹೂಡಲು ಒಪ್ಪಿಕೊಂಡಳು. ಬರುವ ವರ್ಷ ನಾನೂ ಬರುತ್ತೇನೆ ಎಂದು ಮಾತು ಕೊಟ್ಟೆ.

ಹೋಗಲಿಲ್ಲ. ರಜೆ ಸಿಗಲಿಲ್ಲ, ಮಗಳು ಕೆಲಸಕ್ಕೆಂದು ಚಿಕಾಗೋ ಸೇರಿದಳು, ಏನೇನೋ ನೆಪ. ಎರಡನೆಯ ನವೆಂಬರ್‌ನಲ್ಲಿ ಸೊಸೆ ಮಗಳ ಫೋನಿಗೆ ಒಂದು ಫೋಟೋ ಕಳಿಸಿದಳು. ಮೇಜಿನ ನಡುವೆ ರೊಟ್ಟಿ, ಪಕ್ಕದಲ್ಲಿ ಕೆಂಪು ಮುಚ್ಚಳದ ನಮ್ಮ ಡಬ್ಬಿ, ಅಂಚಿನಲ್ಲಿ ಅವ್ವನ ಅರ್ಧ ಭುಜ. ಮುಂದಿನ ವರ್ಷ ಖಂಡಿತ ಎಂದು ಉತ್ತರ ಬರೆಸಿದೆ.

ಮೂರನೆಯ ನವೆಂಬರ್ ಒಂದರಂದು ಬಂದ ಫೋಟೋದಲ್ಲಿ ಅದೇ ಡಬ್ಬಿ ಇತ್ತು. ಅದರ ಪಕ್ಕದಲ್ಲಿ ಅವ್ವನ ಕದಿರು ಇತ್ತು, ಅರ್ಧ ನೂಲು ಸುತ್ತಿದ್ದು. ಆಗಸ್ಟ್‌ನಲ್ಲಿ ಎದೆಗೆ ಶೀತ ಹಿಡಿದು ಹೋದಳಂತೆ. ಸೊಸೆ ಕೆಳಗೆ ಎರಡೇ ಸಾಲು ಬರೆದಿದ್ದಳು. ಅವನ ಮೂರನೆಯದನ್ನು ತಪ್ಪಿಸಬೇಡ ಎಂದು ಅತ್ತೆ ಹೇಳಿ ಹೋದರು, ತಪ್ಪಿಸಲಿಲ್ಲ.

ನಾರ್ತ್‌ವಿಲ್‌ನ ನನ್ನ ಕೆಲಸದ ಜಾಗದ ಪಾರ್ಕಿಂಗ್ ಲಾಟ್‌ನಲ್ಲಿ, ಕಾರಿನೊಳಗೆ ಕೂತು ಅತ್ತುಬಿಟ್ಟೆ. ಸಾಯುವಾಗಲೂ ಆಕೆ ನನ್ನ ಗಂಡನ ಊಟ ನೆನೆದಿದ್ದಳು, ಆಕೆ ಬದುಕಿದ್ದಾಗ ನಾನು ಮುಖ ನೋಡಲು ಹೋಗಲಿಲ್ಲ. ಇದಕ್ಕೆ ನನ್ನ ಬಳಿ ಯಾವ ಸಮಾಧಾನವೂ ಇಲ್ಲ.

ಆದರೆ ಎಡೆಗೆ ಬಂದವರು ಹೊರಡುವುದು ಮರುದಿನ ಮಧ್ಯಾಹ್ನ, ಇನ್ನೂ ಹೊತ್ತಿತ್ತು. ಬೆಳಿಗ್ಗೆ ಎದ್ದು ಆಲೂಗಡ್ಡೆ, ಕಿನೋವಾ ಬೇಯಿಸಿದೆ. ಆ ಸೊಪ್ಪು ಇಲ್ಲಿ ಸಿಗುವುದಿಲ್ಲ, ಇಂಡಿಯನ್ ಸ್ಟೋರಿನಿಂದ ತಂದ ಪುದೀನ ಹಾಕಿದೆ. ಮೈದುನ ಫೋನ್ ಮಾಡಿದವನು, ಮನೆಯಲ್ಲಿದ್ದೇನೆಂದು ತಿಳಿದು, "ಇವತ್ತ ಯಾರ ತಿಥಿ ಅದ ವೈನಿ?" ಎಂದ.

"ನಮ್ಮ ಅವ್ವಂದು," ಎಂದೆ.

ಊಟದ ಮೇಜಿನ ಮೇಲೆ ಬಟ್ಟಲಿಟ್ಟೆ. ಈ ಸಲ ಒಂದು ಹನಿಯೂ ಚೆಲ್ಲಲಿಲ್ಲ. ನನ್ನ ಬಟ್ಟಲನ್ನು ಪಕ್ಕದಲ್ಲಿ ಬೋರಲು ಹಾಕಿ, ಕುರ್ಚಿ ಎಳೆದುಕೊಂಡು ಹನ್ನೆರಡಾಗುವ ತನಕ ಕೂತಿದ್ದೆ. ಹೊಟ್ಟೆ ಹಸಿದಿತ್ತು, ಆದರೆ ಅತಿಥಿಯ ಊಟ ಇನ್ನೂ ಆಗಿರಲಿಲ್ಲ. ಆಕೆಯ ಭಾಷೆಯಲ್ಲಿ ನನಗೆ ಬರುವ ಒಂದೇ ಮಾತನ್ನು ಆಕೆಗೆ ಹೇಳಿದೆ.

"ಮಿಖುಯ್, ಅವ್ವ."